ದೋಣಿ ದಿನಕ್ಕೆ ಎರಡು ಸಲ

ಮಾರ್ಚ್ 3, ಮಂಗಳವಾರ

ನನ್ನ ಪ್ರವಾಸದ ಜಾಲತಾಣಕ್ಕೆ ವಿದಾಯದ ಬರಹದ ಮೊದಲ ಕರಡು ಇಂದು ಮುಗಿಯಿತು. ಅದರ ಆರಂಭವನ್ನು ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

“ಸಭೆಗೆ ನಮಸ್ಕಾರ. ಒಂದೇ ಸೂರಿನಡಿ ಎಂದೂ ಕೂಡದ, ಆದರೂ ಹನ್ನೊಂದೂವರೆ ವರ್ಷಗಳಿಂದ ಪ್ರತಿ ಗುರುವಾರ ತಪ್ಪದೆ ನೆರೆಯುವ ಸಭೆ ಇದು. ನನ್ನ ಮೊದಲ ಬರಹಕ್ಕೆ ಮೊದಲ ಉತ್ತರ ಬರೆದು, ಅಂಗಾಲಿನ ಬೊಬ್ಬೆಗೆ ಮದ್ದು ಹೇಳಿದ ನಿವೃತ್ತ ನರ್ಸಮ್ಮನಿಗೆ, ಯಾವ ತಿರುವಿನಲ್ಲಿ ಯಾರ ಲಾರಿ ಹತ್ತಬಾರದೆಂದು ಎಚ್ಚರಿಸಿದ ಹಿರಿಯ ಡ್ರೈವರಣ್ಣನಿಗೆ ಮೊದಲು ಕೈಮುಗಿಯುತ್ತೇನೆ. ಹಿರಿಯರು ನಡೆಸಿದಿರಿ, ನಾನು ನಡೆದೆ. ಇನ್ನು ಕಿರಿಯರು ನಡೆಯಬೇಕು.”

ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಇದೇ ತಿಂಗಳ ಇಪ್ಪತ್ತಾರಕ್ಕೆ ಆರುನೂರನೆಯ ಬರಹ. ಅದೇ ಕೊನೆಯದು. ಭೂಮಾಪನ ಕಲಿಸುವ ಮೇಷ್ಟ್ರ ಕೆಲಸ ಬಿಟ್ಟು, ಒಂದು ಚೀಲ ಹೊತ್ತು ಹೊರಟವನಿಗೆ ಇಷ್ಟು ಜನ ಶಿಷ್ಯರು ಸಿಗುತ್ತಾರೆಂದು ಯಾರು ಎಣಿಸಿದ್ದರು? ಚೀಲದ ಮೇಷ್ಟ್ರು ಎಂದು ಅವರೇ ಹೆಸರಿಟ್ಟರು. ಅದನ್ನು ಈ ಕಿರಿಯರು ಕೊಟ್ಟ ಪದವಿಯೆಂದೇ ಭಾವಿಸಿದ್ದೇನೆ.

ಒಂದು ಸಂಗತಿಯನ್ನು ಇಲ್ಲಿ ಮಾತ್ರ ಬರೆಯಬಹುದು. ಒಂಟಿಯಾಗಿ ತಿರುಗುವವನು ತಾನು ಇರುವ ಊರನ್ನು ಇರುವಾಗಲೇ ಜಗತ್ತಿಗೆ ಸಾರಬಾರದು. ಬಿಟ್ಟ ಮೇಲೆ ಬರೆಯಬೇಕು. ಹಾಗಾಗಿ ನನ್ನ ಬಳಿ ಯಾವಾಗಲೂ ಕೆಲವು ಬರಹಗಳು ಮುಂಚಿತವಾಗಿ ಸಿದ್ಧವಿರುತ್ತಿದ್ದವು. ಅದಕ್ಕೆ ನಾನು ಬುತ್ತಿ ಎನ್ನುತ್ತೇನೆ. ಅಕ್ಟೋಬರಿನಲ್ಲಿ ಅಕ್ಕ ತನ್ನ ಲಾಂಡ್ರಿಯ ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಎರಡು ವಾರಕ್ಕೆಂದು ಬಂದೆ. ಆಗ ಬುತ್ತಿಯಲ್ಲಿ ಇಪ್ಪತ್ತೈದು ಬರಹಗಳಿದ್ದವು. ಮೂಳೆ ಸರಿಯಾಗಿ ಕೂಡದೆ ಜನವರಿಯಲ್ಲಿ ಮತ್ತೆ ಪಟ್ಟಿ ಹಾಕಿಸಬೇಕಾಯಿತು. ಐದು ತಿಂಗಳಿಂದ ನಾನು ಇಲ್ಲಿ ಇಸ್ತ್ರಿ ಹಾಕುತ್ತಿದ್ದೇನೆ. ಗುರುವಾರ ಗುರುವಾರ ಬರಹ ತಾನಾಗಿಯೇ ಪ್ರಕಟವಾಗುತ್ತದೆ. ನಾನಿನ್ನೂ ನಡೆಯುತ್ತಿದ್ದೇನೆಂದು ಸಭೆ ನಂಬಿದೆ. ಇದರಲ್ಲಿ ಕೆಡುಕೇನೂ ಇಲ್ಲ. ಮಕ್ಕಳಿಗೆ ಧೈರ್ಯ ಬೇಕು, ಅಷ್ಟೇ.

ಅಕ್ಕನ ಕೈ ಸರಿಯಾದ ಮರುದಿನ ಹೊರಡುತ್ತೇನೆ. ಚೀಲವನ್ನು ಬಿಚ್ಚಿಲ್ಲ.

ಮಾರ್ಚ್ 5, ಗುರುವಾರ

597ನೆಯ ಬರಹ ಪ್ರಕಟವಾಯಿತು. ಮಧ್ಯಾಹ್ನದೊಳಗೆ ಎಂಬತ್ತು ಉತ್ತರಗಳು. ಒಬ್ಬ ಹುಡುಗ ಬರೆದಿದ್ದಾನೆ: “ನೀವು ಈ ವಯಸ್ಸಿನಲ್ಲಿ ಆ ಏರು ಹತ್ತುತ್ತಿರುವಾಗ ನಾನು ಪರೀಕ್ಷೆಗೆ ಹೆದರುವುದೇ?”

ಅಕ್ಕನಿಗೆ ಗುರುವಾರ ಬಂದರೆ ಹಬ್ಬ. ಬೆಳಿಗ್ಗೆ ಬಾಗಿಲು ಎತ್ತುತ್ತಲೇ ಕೇಳಿದಳು, “ಏನೋ, ಇವತ್ತು ಯಾವ ಊರಲ್ಲಿದೀಯ?”

“ಗುಡ್ಡದ ಮೇಲೆ.”

“ಸರಿ, ನಿಧಾನವಾಗಿ ಇಳಿದು ಬಾ. ಈ ಏಳು ಪ್ಯಾಂಟು ಹನ್ನೊಂದು ಗಂಟೆಗೆ ಬೇಕಂತೆ.”

ಸ್ವಲ್ಪ ಹೊತ್ತಿನ ಮೇಲೆ ಕಾಲರನ್ನು ನೋಡಿ, “ಆರುನೂರು ಬರಹ ಬರೆದವನಿಗೆ ಒಂದು ಅಂಗಿ ಮಡಚೋಕೆ ಬರಲ್ಲ” ಎಂದಳು. ಕಾಲರನ್ನು ತುದಿಯಿಂದ ನಡುವಿಗೆ ಒತ್ತಬೇಕು, ನಡುವಿನಿಂದ ತುದಿಗಲ್ಲ. ಇಲ್ಲವಾದರೆ ಮೂಲೆಯಲ್ಲಿ ಸುಕ್ಕು ನಿಲ್ಲುತ್ತದೆ. ಇದನ್ನು ಕಲಿಯಲು ನನಗೆ ಡಿಸೆಂಬರ್ ಪೂರ್ತಿ ಹಿಡಿಯಿತು.

ಮಾರ್ಚ್ 9, ಸೋಮವಾರ

‘ಹೊಸಚಪ್ಪಲಿ’ಯಿಂದ ಪತ್ರ. ಎರಡು ತಿಂಗಳ ಮೌನದ ನಂತರ.

ಈ ಹುಡುಗಿಗೆ ಇಪ್ಪತ್ತಮೂರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ, ಹೊಸ ಚಪ್ಪಲಿ ಹಾಕಿಕೊಂಡು ದೂರ ನಡೆಯಬಹುದೇ ಎಂದು ಕೇಳಿ ಮೊದಲ ಪತ್ರ ಬರೆದಿದ್ದಳು. ಬೇಡವಮ್ಮ, ಹಳೆಯದರಲ್ಲೇ ಹೊರಡು ಎಂದಿದ್ದೆ. ಅಂದಿನಿಂದ ಆ ಹೆಸರನ್ನೇ ಇಟ್ಟುಕೊಂಡಿದ್ದಾಳೆ. ನನ್ನ ಎಲ್ಲ ಶಿಷ್ಯರಲ್ಲಿ ಇವಳ ಮೇಲೆ ನನಗೆ ಹೆಚ್ಚಿನ ಭರವಸೆ. ಪತ್ರ ಹೀಗಿದೆ:

“ಮೇಷ್ಟ್ರೇ, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಜನವರಿಯಲ್ಲಿ ಕೆಲಸ ಬಿಟ್ಟೆ. ನಿಮ್ಮ 590ನೆಯ ಬರಹದ ಹಾದಿಯನ್ನು ಹಿಡಿದೆ. ಜಲಾಶಯದ ದಡಕ್ಕೆ ಮೂವತ್ತನೆಯ ತಾರೀಕು ತಲುಪಿದೆ. ದೋಣಿ ಇರಲಿಲ್ಲ. ನೀರೇ ದೂರ ಸರಿದಿತ್ತು. ಎದುರು ದಡದವರೆಗೂ ಬರೀ ಕೆಸರು. ಆದರೆ ದೋಣಿ ದಿನಕ್ಕೆ ಎರಡು ಸಲ ಎಂದು ನೀವು ಬರೆದಿದ್ದಿರಿ, ಹಾಗಾಗಿ ಕಾದೆ. ಎರಡು ದಿನ ಕಾದೆ. ಊಟ ಮುಗಿಯಿತು, ಜ್ವರ ಬಂತು. ಕುರಿ ಕಾಯುವವರೊಬ್ಬರು ನೋಡಿ ರಸ್ತೆಯವರೆಗೆ ಕರೆತಂದರು. ನಾನು ಎಲ್ಲೋ ತಪ್ಪಾಗಿ ಓದಿದ್ದೇನೆ. ನೀವು ಅದೇ ತಿಂಗಳು ದಾಟಿದ್ದೀರಲ್ಲ. ನಲವತ್ತು ಸಲ ಓದಿದೆ, ಎಲ್ಲಿ ತಪ್ಪಿದೆ ಎಂದು ಇನ್ನೂ ತಿಳಿಯಲಿಲ್ಲ. ಇದು ನನ್ನಿಂದಾಗುವ ಕೆಲಸವಲ್ಲ ಎಂಬುದಂತೂ ತಿಳಿಯಿತು. ಹಳೆಯ ಕೆಲಸಕ್ಕೆ ಮರಳಿದ್ದೇನೆ. ನಿಮ್ಮ ಹೆಸರು ಕೆಡಿಸಿದೆ ಅನಿಸುತ್ತದೆ. ಇನ್ನು ಬರೆಯುವುದಿಲ್ಲ.”

ಮಾರ್ಚ್ 10, ಮಂಗಳವಾರ

590ರ ಮೂಲ ಕರಡನ್ನು ಹುಡುಕಿ ತೆಗೆದೆ. “ಜಲಾಶಯ ತುಂಬಿ ತುಳುಕುವ ಈ ಆಗಸ್ಟಿನಲ್ಲಿ ದೋಣಿ ದಿನಕ್ಕೆ ಎರಡು ಸಲ ದಾಟಿಸುತ್ತದೆ.”

ಜನವರಿಯಲ್ಲಿ ಪ್ರಕಟಿಸುವಾಗ ಮೊದಲ ಐದು ಪದಗಳನ್ನು ತೆಗೆದಿದ್ದೆ. ಹಳೆಯದೆಂದು ತಿಳಿಯಬಾರದಲ್ಲ.

ಮಾರ್ಚ್ 11, ಬುಧವಾರ

ಬಟ್ಟೆ ಹೆಚ್ಚಿತ್ತು. ಬರೆಯಲಾಗಲಿಲ್ಲ.

ಮಾರ್ಚ್ 14, ಶನಿವಾರ

ಗುರುವಾರ ಯಾವ ಊರು ಎಂದು ಅಕ್ಕ ಕೇಳಿದಾಗ ನಾನು ಉತ್ತರ ಕೊಡಲಿಲ್ಲವಂತೆ. ಇಂದು ಅಂಗಡಿ ಮುಚ್ಚಿದ ಮೇಲೆ, ಬಾಯ್ಲರಿನ ಉಸಿರು ನಿಂತ ಮೇಲೆ, ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಬಲಗೈ ಇನ್ನೂ ಪಟ್ಟಿಯಲ್ಲಿದೆ, ಎಡಗೈಯಿಂದ ಟೀ ಹಿಡಿದಿದ್ದಳು.

“ಏನು ಕಳಕೊಂಡಿದೀಯ, ಹೇಳು.”

ಪತ್ರ ಓದಿ ಹೇಳಿದೆ. ಐದು ಪದಗಳ ಸಂಗತಿಯನ್ನೂ ಹೇಳಿದೆ.

“ಎರಡು ದಿನ ಕಾದಳಾ?”

“ಎರಡು ದಿನ.”

“ನೀನು ಹೇಳಿದ್ದಕ್ಕೆ?”

“ಹೂಂ.”

“ನಿನ್ನ ಮಾತಿಗೆ ನಾನು ಎರಡು ನಿಮಿಷ ಕಾದವಳಲ್ಲ. ಅದಕ್ಕೇ ಇನ್ನೂ ನೆಟ್ಟಗಿದೀನಿ.” ಹಾಗೆಂದಳೇ ಹೊರತು ನಗಲಿಲ್ಲ. “ಅವಳಿಗೆ ಏನು ಬರೆದೆ?”

“ಯೋಚನೆ ಮಾಡ್ತಾ ಇದೀನಿ. ಹೇಗೆ ಹೇಳಿದರೆ ಅವಳ ಮನಸ್ಸಿಗೆ ನೋವಾಗಲ್ಲ ಅಂತ.”

“ಅವಳ ಮನಸ್ಸಿಗಾ, ನಿನ್ನ ಮನಸ್ಸಿಗಾ?”

ನಾನು ಸಿಟ್ಟಾದೆ. ಸಾವಿರಾರು ಮಕ್ಕಳು ನನ್ನನ್ನು ನೋಡಿ ಧೈರ್ಯ ತಂದುಕೊಂಡಿದ್ದಾರೆ, ಒಬ್ಬಳಿಗಾಗಿ ಎಲ್ಲರ ಭರವಸೆಯನ್ನು ಮುರಿಯಬೇಕೇ, ಇಷ್ಟು ವರ್ಷ ಕಟ್ಟಿದ್ದನ್ನು ವಿದಾಯದ ದಿನವೇ ಕೆಡವಬೇಕೇ ಎಂದೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

“ನೀನು ಚಿಕ್ಕವನಿದ್ದಾಗಲೂ ಹೀಗೇ. ತಟ್ಟೆ ಒಡೆದರೆ ಮೊದಲು ಭಾಷಣ” ಎಂದು ಹೇಳಿ ಲೋಟ ತೊಳೆಯಲು ಹೋದಳು.

ಮಾರ್ಚ್ 17, ಮಂಗಳವಾರ

ವಿದಾಯದ ಎರಡನೆಯ ಕರಡು. ಹಿರಿಯರಿಗೆ ವಂದನೆ, ಕಿರಿಯರಿಗೆ ಹಾರೈಕೆ ಮೊದಲಿನಂತೆಯೇ ಇವೆ. ನಡುವೆ, ಒಂಬತ್ತನೆಯ ಪ್ಯಾರಾದಲ್ಲಿ ಒಂದು ವಾಕ್ಯ ಸೇರಿಸಿದ್ದೇನೆ: “ಇತ್ತೀಚಿನ ಕೆಲವು ಬರಹಗಳು ಕಾಲದ ದೃಷ್ಟಿಯಿಂದ ತುಸು ಹಿಂದಿನವಾಗಿರಬಹುದು, ಪಯಣಿಗರು ಸ್ಥಳೀಯವಾಗಿ ವಿಚಾರಿಸಿಕೊಳ್ಳುವುದು ಒಳಿತು.” ಸತ್ಯಕ್ಕೂ ಚ್ಯುತಿಯಿಲ್ಲ, ಯಾರ ಮನಸ್ಸೂ ಮುರಿಯುವುದಿಲ್ಲ. ಈ ತೀರ್ಮಾನದಿಂದ ಸ್ವಲ್ಪ ನೆಮ್ಮದಿಯಾಯಿತು.

ಹಿಂದಿನ ಕೋಣೆಯ ಕಿಟಕಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಒಂದು ಪರದೆ ಹೊಲಿಸಿ ಹಾಕಿದೆ.

ಮಾರ್ಚ್ 18, ಬುಧವಾರ

ಎದುರು ಕ್ಲಿನಿಕ್ಕಿನ ಹಲ್ಲಿನ ಡಾಕ್ಟರ ಆರು ಬಿಳಿ ಕೋಟುಗಳಲ್ಲಿ ಒಂದನ್ನು ಸುಟ್ಟೆ. ಎದೆಯ ಜೇಬಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಕಂದು ಗುರುತು. ಮನಸ್ಸು ಬೇರೆಲ್ಲೋ ಇತ್ತು. ಉಜ್ಜಿದೆ, ಹೋಗಲಿಲ್ಲ. ಆರನ್ನೂ ಮಡಚಿ, ಅದನ್ನು ನಾಲ್ಕನೆಯದಾಗಿ ಇಟ್ಟು, ಕಾಗದ ಸುತ್ತಿ ದಾರ ಕಟ್ಟಿದೆ.

ಡಾಕ್ಟರು ಬರುವ ಹೊತ್ತಿಗೆ ಅಕ್ಕ ಗಂಟನ್ನು ಎತ್ತಿ ನೋಡಿದಳು. ಅವಳಿಗೆ ಯಾರು ಹೇಳಿದರೋ, ಸುಟ್ಟ ವಾಸನೆಯೇ ಹೇಳಿರಬೇಕು. ಒಂದೇ ಕೈಯಲ್ಲಿ ದಾರ ಬಿಚ್ಚಿ, ನಾಲ್ಕನೆಯ ಕೋಟನ್ನು ಎಳೆದು ಎಲ್ಲಕ್ಕಿಂತ ಮೇಲಿಟ್ಟಳು. ಗುರುತು ಕಾಣುವಂತೆ ಜೇಬನ್ನು ಹೊರಮುಖ ಮಾಡಿದಳು.

“ನಮ್ಮಲ್ಲಿ ಸುಟ್ಟದ್ದು ಯಾವತ್ತೂ ಮೇಲಿರುತ್ತೆ. ಮೂವತ್ತು ವರ್ಷದಿಂದ.”

“ನಾನು ಅವರಿಗೆ ಹೇಳೋನಿದ್ದೆ ಅಕ್ಕ.”

“ಮನೆಗೆ ಹೋಗಿ ಅವರೇ ನೋಡಿದ ಮೇಲಾ?”

ಡಾಕ್ಟರು ಬಂದರು. ಕೋಟು ನೋಡಿ ಮುಖ ಗಂಟಿಕ್ಕಿದರು. “ಇದು ಹೊಸದಾಗಿತ್ತಲ್ಲಮ್ಮ.”

“ಹೊಸದೇ. ನಮ್ಮ ಕೈಲಿ ಸುಟ್ಟಿತು. ಬೇರೆ ಹೊಲಿಸಿ ಕೊಡ್ತೀವಿ. ಅಳತೆಗೆ ಇನ್ನೊಂದು ಬಿಟ್ಟು ಹೋಗಿ.”

“ಯಾರು ಸುಟ್ಟಿದ್ದು?”

ಅಕ್ಕ ನನ್ನತ್ತ ನೋಡಲಿಲ್ಲ. ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನು ದಿಟ್ಟಿಸಿ, “ಆಯ್ತು. ನಿಮ್ಮ ಹಲ್ಲು ಕೀಳೋ ದಿನ ಬಂದಾಗ ನೋಡ್ಕೋತೀನಿ” ಎಂದು ಉಳಿದ ನಾಲ್ಕನ್ನು ಎತ್ತಿಕೊಂಡು ಹೋದರು.

ಮಾರ್ಚ್ 19, ಗುರುವಾರ

599 ಇಂದು ಪ್ರಕಟವಾಗಬೇಕಿತ್ತು. ತಡೆದೆ. ಬುತ್ತಿಯ ಕೊನೆಯ ಬರಹ ಅದು. ಅಳಿಸಿಹಾಕಿದೆ. 599 ಎಂಬ ಸಂಖ್ಯೆ ಇನ್ನು ವಿದಾಯಕ್ಕೇ ಸೇರುತ್ತದೆ. ಹನ್ನೊಂದೂವರೆ ವರ್ಷದಲ್ಲಿ ಬರಹವಿಲ್ಲದ ಮೊದಲ ಗುರುವಾರ.

ಒಂಬತ್ತನೆಯ ಪ್ಯಾರಾದಲ್ಲಿದ್ದ ವಾಕ್ಯವನ್ನು ತೆಗೆದು, ಮೊದಲ ಸಾಲಿಗೆ ತಂದು, ಇದ್ದದ್ದನ್ನು ಇದ್ದಂತೆ ಬರೆದೆ. ಮುಂದಿನ ಪುಟಗಳೆಲ್ಲ ಓದಲಾಗದಷ್ಟು ಬಣ್ಣಬಣ್ಣವಾಗಿ ಕಂಡವು. ತೆಗೆಯುತ್ತ ಹೋದೆ. ಒಂದು ಪುಟ ಉಳಿಯಿತು.

ಸಭೆಗೆ ತಿಳಿಯುವ ಮುನ್ನ ಹೊಸಚಪ್ಪಲಿಗೆ ತಿಳಿಯಬೇಕು. ಪತ್ರದಲ್ಲಿ ಅಲ್ಲ. ಪತ್ರದಲ್ಲಿ ನಾನು ವಾಕ್ಯ ಕಟ್ಟಲು ಶುರುಮಾಡುತ್ತೇನೆ.

ಮಾರ್ಚ್ 21, ಶನಿವಾರ

ಎಂದೋ ಪತ್ರದಲ್ಲಿ ಅವಳು ಕೊಟ್ಟಿದ್ದ ಮನೆಯ ನಂಬರಿಗೆ ಮಧ್ಯಾಹ್ನ ಫೋನು ಮಾಡಿದೆ. ಅವಳ ತಾಯಿ ಎತ್ತಿಕೊಂಡರು.

“ಚೀಲದ ಮೇಷ್ಟ್ರು ಅಂತ ಕರೀತಾರೆ ನನ್ನ.”

“ಓ, ನೀವಾ. ಮೂರು ವರ್ಷ ನಮ್ಮ ಮನೇಲಿ ಊಟಕ್ಕೆ ಕೂತರೆ ನಿಮ್ಮದೇ ಮಾತಿತ್ತು. ಈಗ ಒಂದು ತಿಂಗಳಿಂದ ಇಲ್ಲ. ಏನಾಗಬೇಕಿತ್ತು?”

“ಅವಳ ಹತ್ತಿರ ಒಂದು ಮಾತು ಹೇಳಬೇಕಿತ್ತು ತಾಯಿ.”

“ಬುದ್ಧಿಮಾತಾದರೆ ಬೇಡಿ. ಸಾಕಷ್ಟು ಹೇಳಿದೀರಿ.”

“ಬುದ್ಧಿ ಅಲ್ಲ. ತಪ್ಪು ನನ್ನದು ಅಂತ ಹೇಳಬೇಕು.”

“ಐದೂವರೆ ಮೇಲೆ ಮಾಡಿ. ಲ್ಯಾಬಿಂದ ಬಂದಿರ್ತಾಳೆ.”

ಐದೂವರೆಗೆ ಮಾಡಿದೆ. ಮೂರು ವರ್ಷದಲ್ಲಿ ಅವಳ ದನಿ ಕೇಳಿದ್ದು ಇದೇ ಮೊದಲು. ನಾನು ಊಹಿಸಿದ್ದಕ್ಕಿಂತ ಚಿಕ್ಕವಳ ದನಿ. ಅವಳು ಕೇಳಿದ ಮೊದಲ ಮಾತು, “ಮೇಷ್ಟ್ರೇ, ಅಲ್ಲಿ ಸಿಗ್ನಲ್ ಸಿಗುತ್ತಾ ನಿಮಗೆ?”

“ನಾನು ಗುಡ್ಡದ ಮೇಲಿಲ್ಲಮ್ಮ. ಅಕ್ಟೋಬರಿನಿಂದ ನಮ್ಮಕ್ಕನ ಲಾಂಡ್ರಿಯಲ್ಲಿದೀನಿ. ಆ ದೋಣಿ ನಾನು ಹತ್ತಿದ್ದು ಆಗಸ್ಟಿನಲ್ಲಿ. ಜನವರಿಯಲ್ಲಿ ಹಾಕುವಾಗ ಆಗಸ್ಟು ಅನ್ನೋದನ್ನ ನಾನೇ ತೆಗೆದೆ.”

“ನೀವೇ ತೆಗೆದ್ರಾ?”

“ನಾನೇ. ಮರೆತು ಅಲ್ಲ. ಗೊತ್ತಿದ್ದೇ ತೆಗೆದೆ.”

ಆ ಕಡೆ ಯಾವುದೋ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ಅವಳು ಕೇಳಿದಳು, “ಹಾಗಾದರೆ ನಾನು ಸರಿಯಾಗೇ ಓದಿದ್ದೆನಾ?”

“ಸರಿಯಾಗೇ ಓದಿದ್ದೆ.”

“ನಲವತ್ತು ಸಲ ಓದಿದೀನಿ ಮೇಷ್ಟ್ರೇ.”

“ಗೊತ್ತಮ್ಮ.”

ಫೋನು ಇಟ್ಟುಬಿಟ್ಟಳು. ನಾನು ಆಮೇಲೆ ಹೇಳಬೇಕೆಂದುಕೊಂಡಿದ್ದ ಪ್ರೋತ್ಸಾಹದ ಮಾತುಗಳು ಕೈಯಲ್ಲಿದ್ದ ಚೀಟಿಯಲ್ಲೇ ಉಳಿದವು.

ಮಾರ್ಚ್ 23, ಸೋಮವಾರ

ಅಕ್ಕನ ಕೈಯ ಪಟ್ಟಿ ಬಿಚ್ಚಿದರು. ಬೆರಳು ಮಡಚಲು ಬರುತ್ತದೆ, ಭಾರ ಎತ್ತಲು ಇನ್ನೂ ಬೇಡವಂತೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಹಲ್ಲಿನ ಡಾಕ್ಟರ ಹೊಸ ಕೋಟಿನ ಬಟ್ಟೆ ತಂದೆವು. ಬೇಸಿಗೆಯಲ್ಲಿ ಬಾಯ್ಲರನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರೆ ಸೆಕೆ ಕಡಿಮೆಯಾಗುತ್ತದೆಂದು ನಾನು ಹೇಳಿದೆ. ಅಕ್ಕ ನನ್ನ ಮುಖ ನೋಡಿ, “ಬೇಸಿಗೆಯಲ್ಲಾ? ಸರಿ, ನೋಡೋಣ” ಎಂದು ನಕ್ಕಳು. ಅದರಲ್ಲಿ ನಗುವಂಥದ್ದೇನಿತ್ತೋ ತಿಳಿಯಲಿಲ್ಲ.

ಮಾರ್ಚ್ 26, ಗುರುವಾರ

599 ಪ್ರಕಟಿಸಿದೆ. ಬರಹ ಹೀಗೆ ಆರಂಭವಾಗುತ್ತದೆ: “ಸಭೆಗೆ ನಮಸ್ಕಾರ. ನಾನು ಐದೂವರೆ ತಿಂಗಳಿಂದ ನಡೆದಿಲ್ಲ. ನಡೆಯುತ್ತಿದ್ದೇನೆಂದು ನಿಮ್ಮನ್ನು ನಂಬಿಸಿದೆ. ಹಳೆಯ ಬರಹ ಹೊಸದೆಂದು ತೋರಲು ಋತುಮಾನವನ್ನು ತೆಗೆದುಹಾಕಿದೆ. ನನ್ನ ಮಾತನ್ನು ನಂಬಿದ ಒಬ್ಬರು ಬಾರದ ದೋಣಿಗಾಗಿ ಎರಡು ದಿನ ಕಾದು ಕಾಯಿಲೆ ಬಿದ್ದರು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ, ನಾನು ಬರೆದದ್ದರಲ್ಲಿತ್ತು. ಇನ್ನು ಮುಂದೆ ಹೊಸ ಬರಹ ಬರುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದಿರಿ. ಇದನ್ನು ಹೇಳದೆ ಹೋಗಲು ಮನಸ್ಸಾಗಲಿಲ್ಲ.”

ಸಂಜೆಯವರೆಗೆ ನೋಡಬಾರದೆಂದುಕೊಂಡಿದ್ದೆ. ಹತ್ತು ನಿಮಿಷಕ್ಕೇ ನೋಡಿದೆ. ಪರೀಕ್ಷೆಗೆ ಹೆದರುವುದಿಲ್ಲ ಎಂದಿದ್ದ ಹುಡುಗ ಒಂದೇ ಪದ ಬರೆದಿದ್ದ. ಅದನ್ನು ಇಲ್ಲಿ ಬರೆಯುವುದಿಲ್ಲ. ಹಲವರು ಮಾತಿಲ್ಲದೆ ಹೊರಟುಹೋದರು. ಡ್ರೈವರಣ್ಣ ಬರೆದರು: “ತಪ್ಪು ದಾರಿ ಹೇಳಿದವನನ್ನು ನಮ್ಮ ಲಾರಿ ಅಡ್ಡೆಯಲ್ಲಿ ಎರಡನೇ ಸಲ ಯಾರೂ ಕೇಳಲ್ಲ. ನೀವಾಗೇ ಹೇಳಿದ್ದಕ್ಕೆ ಇಷ್ಟಾದರೂ ಬರೆದೆ.”

ನರ್ಸಮ್ಮನ ಉತ್ತರ ಎಲ್ಲಕ್ಕಿಂತ ಕೊನೆಗೆ ಬಂತು: “ನವೆಂಬರಿನಿಂದ ನಿಮ್ಮ ಬರಹದಲ್ಲಿ ಒಂದು ಸಲವೂ ಕಾಲು ನೋವಿನ ಮಾತಿಲ್ಲ. ಆಗಲೇ ಅನುಮಾನ ಬಂದಿತ್ತು. ಕೇಳಬೇಕಿತ್ತು. ದೊಡ್ಡವರನ್ನು ಹೇಗೆ ಕೇಳುವುದೆಂದು ಸುಮ್ಮನಾದೆ. ಅದು ನನ್ನ ತಪ್ಪು.”

ಎಂಬತ್ತು ದಾಟಿದ ಆಕೆ ನನ್ನನ್ನು ದೊಡ್ಡವರು ಎನ್ನುತ್ತಾರೆ.

ಹೊಸಚಪ್ಪಲಿಯಿಂದ ಏನೂ ಇಲ್ಲ.

ಮಾರ್ಚ್ 28, ಶನಿವಾರ

ಏನೂ ಇಲ್ಲ.

ಮಾರ್ಚ್ 30, ಸೋಮವಾರ

ಬಂತು. ಎರಡು ಸಲ ಓದಿ, ಮೂರನೆಯ ಸಲ ಅಕ್ಕನಿಗೆ ಓದಿ ಹೇಳಿದೆ.

“ಮೇಷ್ಟ್ರೇ, ನಿಮ್ಮ ಮೇಲೆ ನನಗೆ ತುಂಬ ಸಿಟ್ಟಿದೆ. ಎರಡು ತಿಂಗಳು ನಾನು ದಡ್ಡಿ ಅಂದುಕೊಂಡು ಬದುಕಿದೆ. ಲ್ಯಾಬಿನಲ್ಲಿ ಪ್ರತಿ ಚೀಟಿಯನ್ನೂ ಮೂರು ಮೂರು ಸಲ ಓದುತ್ತಿದ್ದೆ. ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು. ಕ್ಷಮಿಸಿದೆಯಾ ಎಂದು ದಯವಿಟ್ಟು ಕೇಳಬೇಡಿ. ಗೊತ್ತಿಲ್ಲ.

“ಇನ್ನೊಂದು ವಿಷಯ. ನಿಮ್ಮ ವಿದಾಯದಲ್ಲಿ ದೋಣಿ ಒಂದನ್ನೇ ಹೇಳಿದ್ದೀರಿ. 590ರಲ್ಲಿ ತಪ್ಪು ಒಂದಲ್ಲ, ಮೂರು. ದಡದ ತಂಗುದಾಣಕ್ಕೆ ಈಗ ಚಾವಣಿ ಇಲ್ಲ, ಗೋಡೆ ಮಾತ್ರ ಇದೆ. ಬಂಡೆಯ ಹತ್ತಿರದ ಕವಲಿನಲ್ಲಿ ಎಡಕ್ಕೆ ಹೋಗಿ ಎಂದಿದ್ದೀರಿ, ದಾರಿ ಇರುವುದು ಬಲಕ್ಕೆ. ಭೂಮಾಪನ ಕಲಿಸಿದವರು ನೀವು. ಇವು ಜನವರಿ 30 ಮತ್ತು 31ರಂದು ನಾನು ಕಣ್ಣಾರೆ ಕಂಡದ್ದು. ತಾರೀಕಿನ ಸಮೇತ ಸೇರಿಸಿ. ಆ ಬರಹವನ್ನು ಇವತ್ತಿಗೂ ಯಾರೋ ಓದುತ್ತಿರುತ್ತಾರೆ. ಉಳಿದ ಐನೂರ ತೊಂಬತ್ತೆಂಟನ್ನು ಯಾರು ನೋಡಬೇಕು? ನೀವು ನಮಸ್ಕಾರ ಹೇಳಿ ಹೋಗಿಬಿಟ್ಟರೆ ಆಯ್ತಾ?”

ಅಕ್ಕ ಬಹಳ ಹೊತ್ತು ಒಂದು ಅಂಗಿಯ ತೋಳನ್ನು ನೇರ ಮಾಡುತ್ತಿದ್ದಳು. “ಈ ಹುಡುಗಿ ದಡ್ಡಿ ಅಂದವರು ಯಾರು?” ಎಂದಳು. ಆಮೇಲೆ, “ಎಡ ಬಲ ಗೊತ್ತಾಗಲ್ವೇನೋ ನಿನಗೆ?”

ಆ ಕವಲನ್ನು ಎಷ್ಟು ನೆನಪಿಸಿಕೊಂಡರೂ ನನಗೆ ಎಡವೆಂದೇ ತೋರುತ್ತದೆ. ಆದರೆ ಅವಳು ಅಲ್ಲಿ ನಿಂತು ನೋಡಿದ್ದಾಳೆ. ಬಲ ಎಂದು ತಿದ್ದಿದೆ. ಅದರ ಕೆಳಗೆ ಅವಳ ಹೆಸರು, ತಾರೀಕು. ತಿದ್ದಿದ್ದನ್ನು ಅವಳಿಗೆ ಕಳಿಸಿ, ಮುಂದಿನ ಕೆಲಸಕ್ಕೆ ನೀನು ಮೇಲ್ವಿಚಾರಕಿಯಾಗುತ್ತೀಯಾ ಎಂದು ಕೇಳಿದೆ. ಒಂದು ಗಂಟೆಯ ನಂತರ ಉತ್ತರ ಬಂತು: “ಭಾನುವಾರ ಮಾತ್ರ ಬಿಡುವು. ನಿಮ್ಮ ಬರಹ ಅಂತ ವಿನಾಯಿತಿ ಕೊಡಲ್ಲ.”

ಏಪ್ರಿಲ್ 2, ಗುರುವಾರ

ಆರುನೂರನೆಯದನ್ನು ಹಾಕಿದೆ. ಅದು ಬರಹವಲ್ಲ, ಒಂದು ಕರೆ. ಹಾಕುವ ಮುನ್ನ ಹೊಸಚಪ್ಪಲಿಗೆ ಓದಲು ಕಳಿಸಿದ್ದೆ. ಎರಡು ವಾಕ್ಯ ಹೊಡೆದು, ‘ಇಷ್ಟು ಸಾಕು’ ಎಂದು ಹಿಂದಿರುಗಿಸಿದಳು. ಉಳಿದದ್ದು ಇದು:

“ಸಭೆಗೆ. ಈ ತಾಣದಲ್ಲಿರುವ ಬರಹಗಳನ್ನು ಒಬ್ಬೊಬ್ಬರು ಒಂದೊಂದರಂತೆ ವಹಿಸಿಕೊಳ್ಳಿ. ಆ ದಾರಿಯಲ್ಲಿ ನಡೆದವರು, ಆ ಊರಿನವರು, ಈಗ ಅಲ್ಲಿರುವವರು ಯಾರಾದರೂ ಸರಿ. ಬಸ್ಸು ಹೊರಡುವ ಹೊತ್ತು, ನೀರು ಸಿಗುವ ಜಾಗ, ತೆರೆದಿರುವ ಬಾಗಿಲು, ಮುಚ್ಚಿದ ಬಾಗಿಲು, ನೀವು ಕಂಡದ್ದನ್ನು ಕಂಡ ದಿನದ ಸಮೇತ ಬರೆಯಿರಿ. ಕಾಣದ್ದನ್ನು ಕಂಡಿಲ್ಲವೆಂದೇ ಬರೆಯಿರಿ. ನನ್ನ ಸಾಲನ್ನು ಹೊಡೆದುಹಾಕಲು ಸಂಕೋಚ ಬೇಡ. ಮೇಷ್ಟ್ರು ಹೇಳಿದ್ದಾರೆಂದು ಇನ್ನು ಯಾರೂ ಯಾವ ದಡದಲ್ಲೂ ಕಾಯಬಾರದು. 590 ಆಗಿದೆ, ಹೊಸಚಪ್ಪಲಿ ಮಾಡಿದ್ದಾರೆ. ಒಂದನೆಯ ಬರಹವನ್ನು ನಾನು ತೆಗೆದುಕೊಂಡಿದ್ದೇನೆ. ನಿಮ್ಮದನ್ನು ಆರಿಸಿಕೊಳ್ಳಿ, ಶುರುಮಾಡಿ.”